ಆಡಿನ ಹಾಲು ಕುಡಿದ ಚಿಗರಿ

ನಾನು ಗಂಡನ ಮನೆಗೆ ಬಾಳ್ವೆಗೆ ಬಂದ ಎರಡನೆಯ ಮಳೆಗಾಲ. ಯಲಬುರ್ಗಾ ಸೀಮೆಯ ಎರೆಹೊಲಗಳಲ್ಲಿ ಆಗ ಚಿಗರಿಗಳು ಹಿಂಡು ಹಿಂಡಾಗಿ ಮೇಯುತ್ತಿದ್ದವು. ಶೇಂಗಾದಲ್ಲಿ ಕಸ ತೆಗೆಯುತ್ತಿದ್ದಾಗ ನಮ್ಮ ಅತ್ತೆಯ ಕೈ ಸಾಲಿನೊಳಗೆ ಮುದುಡಿ ಮಲಗಿದ್ದ ಮರಿಯೊಂದಕ್ಕೆ ತಾಗಿತು. ತಾಯಿ ಬಂದೀತೆಂದು ನಾವೆಲ್ಲ ದೂರ ಸರಿದು ಹೊತ್ತು ಮುಳುಗುವ ತನಕ ಕಾದೆವು. ಬರಲಿಲ್ಲ. ತೋಳದ ಬಾಯಿಗೆ ಬಿಡುವುದು ಬೇಡವೆಂದು ಮಾವ ಅದನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದರು.

ನನಗೆ ಆಗ ಹದಿನಾರಿರಬಹುದು. ನಮ್ಮ ಮನೆಯವರು ಬಂಡಿ ಹೂಡಿಕೊಂಡು ಹೊಳೆಗೆ ಕಟ್ಟೆ ಕಟ್ಟುವ ಕೆಲಸಕ್ಕೆ ಕಲ್ಲು ಹೇರಲು ಹೋದವರು, ಅಮಾವಾಸ್ಯೆಗೊಮ್ಮೆ ಬಂದರೆ ಬಂದರು. ತವರು ಗಂಗಾವತಿಯ ಆಚೆ, ಎರಡು ದಿನದ ದಾರಿ. ಆ ಮನೆಯಲ್ಲಿ ನನ್ನದು ಅನ್ನುವುದು ಒಂದು ಟ್ರಂಕು ಬಿಟ್ಟರೆ ಆ ಮರಿಯೇ.

ಅರಿವೆಯ ಬತ್ತಿ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಮರಿ ಚೀಪಲಿಲ್ಲ. ಎರಡು ದಿನ ಕಳೆಯಿತು, ಕುತ್ತಿಗೆ ಎತ್ತುವುದನ್ನೂ ಬಿಟ್ಟಿತು. ಪಕ್ಕದ ಮನೆಯಲ್ಲಿ ಒಬ್ಬ ಸಾಬರ ಹೆಂಗಸಿದ್ದಳು, ಗಂಡ ಸತ್ತವಳು, ಆಡಿನ ಹಾಲು ಮಾರಿ ಬದುಕುವವಳು. ಊರೆಲ್ಲ ಅವಳನ್ನು ಖಾಲಾ ಎಂದೇ ಕರೆಯುತ್ತಿತ್ತು. ಅವಳು ಬಂದು ನೋಡಿ ಹೋದಳು. ತಿರುಗಿ ಬರುವಾಗ ಹಿಂದೆ ಅವಳಿಗಿದ್ದ ಒಂದೇ ಒಂದು ಕಪ್ಪು ಆಡು ಇತ್ತು. ಆಡಿನ ಮುಖ ತನ್ನ ಸೆರಗಿನಿಂದ ಮುಚ್ಚಿ ಹಿಡಿದು, ಮರಿಯನ್ನು ಕೆಚ್ಚಲಿಗೆ ಹಚ್ಚೆಂದು ನನಗೆ ಸನ್ನೆ ಮಾಡಿದಳು. ಮರಿ ಕುಡಿಯಿತು. ನಾಲ್ಕು ದಿನಕ್ಕೆ ಮುಖ ಮುಚ್ಚುವ ಕೆಲಸವೇ ಉಳಿಯಲಿಲ್ಲ. ಆಡು ತಾನಾಗಿ ನಮ್ಮ ಬಾಗಿಲಿಗೆ ಬಂದು ಒದರುತ್ತಿತ್ತು.

ಒಂದು ವರ್ಷ ಮರಿ ನನ್ನ ಬೆನ್ನಿಗೇ ಇತ್ತು. ಬಾವಿಗೆ ಹೋದರೆ ಬಾವಿಗೆ, ಹೊಲಕ್ಕೆ ಹೋದರೆ ಹೊಲಕ್ಕೆ. ಕೋಡು ಮೂಡಿ ತಿರುಚಿಕೊಳ್ಳತೊಡಗಿದ ಮೇಲೆ ಅದರ ನಡೆ ಬೇರೆಯಾಯಿತು. ಬೆನ್ನ ಮೇಲಿನ ಕಂದುಬಣ್ಣ ಕಪ್ಪಿಗೆ ತಿರುಗಿತು. ಕಣ್ಣಿನ ಕೆಳಗಿನ ಸೀಳನ್ನು ಬಾಗಿಲ ಚೌಕಟ್ಟಿಗೆ, ದನ ಕಟ್ಟುವ ಗೂಟಕ್ಕೆ, ಒಣಹಾಕಿದ ನನ್ನ ಸೀರೆಗೂ ತಿಕ್ಕಿ ಕರಿಯ ಅಂಟು ಹಚ್ಚುತ್ತಿತ್ತು. ಹಗ್ಗ ಹಾಕಿದರೆ ಗೂಟದ ಸುತ್ತ ತಿರುಗುತ್ತಿತ್ತು, ಹಗ್ಗ ಸುತ್ತಿ ಮೂಗು ಗೂಟಕ್ಕೆ ಬಡಿದಾಗ ಮತ್ತೆ ಉಲ್ಟಾ ತಿರುಗುತ್ತಿತ್ತು. ನಮ್ಮ ಕಡೆ ಎತ್ತುಗಳೂ ಮನುಷ್ಯರೂ ಒಂದೇ ಸೂರಿನ ಕೆಳಗೆ. ನಾನು ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದರೆ ಅದರ ಗೊರಸಿನ ಸಪ್ಪಳ ಕಿವಿಯಲ್ಲಿ ಇದ್ದೇ ಇರುತ್ತಿತ್ತು. ಎತ್ತುಗಳು ಮೇವು ಬಿಟ್ಟು ನಿಂತುಕೊಳ್ಳುತ್ತಿದ್ದವು. ನನಗೂ ಕೂತಲ್ಲಿ ಕೂಡಲಾಗುತ್ತಿರಲಿಲ್ಲ.

ಮರುವರ್ಷದ ಸುಗ್ಗಿಗೆ ಮುಂಚೆ ಕಂದಾಯದ ಗಿರ್ದಾವರ ಚಾವಡಿಗೆ ಬಂದಾಗ ಅದನ್ನು ಕಂಡ. ಕೊಪ್ಪಳದ ಮೇಲಿನ ಸಾಹೇಬರ ಬಂಗಲೆಯ ತೋಟಕ್ಕೆ ಇದು ಒಪ್ಪುತ್ತದೆ, ಸುಗ್ಗಿ ಮುಗಿದ ಮೇಲೆ ಆಳು ಕಳಿಸುತ್ತೇನೆ ಎಂದು ಹೇಳಿಹೋದ. ನಿಜಾಮರ ಕಾಲ, ಕೇಳಿದ್ದು ಕೊಡುವುದೇ ರೂಢಿ. ಮಾವ ಕೈ ಮುಗಿದರು.

ಸುಗ್ಗಿ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಹಗ್ಗ ಬದಲಿಸಲು ಹೋದ ಮಾವನಿಗೆ ಅದು ಹಾಯಿತು. ಕಿವಿ ಹಿಂದಕ್ಕೆ ಮಾಡಿ, ಬಾಲ ಸುತ್ತಿ, ಗದ್ದ ಮೇಲೆತ್ತಿ ಅದು ಎರಡು ಹೆಜ್ಜೆ ನಡೆದದ್ದನ್ನು ನಾನು ಒಳಗಿಂದ ನೋಡಿದ್ದೆ. ಕೂಗಿ ಎಚ್ಚರಿಸುವಷ್ಟರಲ್ಲಿ ತಲೆ ಬಗ್ಗಿಸಿ ನುಗ್ಗಿಬಿಟ್ಟಿತು. ಕೋಡು ತೊಡೆಯೊಳಗೆ ಗೇಣುದ್ದ ಇಳಿದಿತ್ತು. ಹಕೀಮರು ಬಂದು ಸುಟ್ಟ ಎಣ್ಣೆಯ ಪಟ್ಟಿ ಕಟ್ಟಿದರು. ಆರನೆಯ ದಿನಕ್ಕೆ ಗಾಯ ಕೀವಾಗಿ ಮಾವ ಜ್ವರದಲ್ಲಿ ಕನವರಿಸತೊಡಗಿದರು. ಅತ್ತೆ ಕೊಡಲಿಯನ್ನು ಬಾಗಿಲ ಹಿಂದೆ ತಂದು ಇಟ್ಟರು. ಆದರೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಸಾಹೇಬರಿಗೆಂದು ಹೇಳಿಟ್ಟ ಪ್ರಾಣಿ, ಕಡಿದರೆ ಯಾರಿಗೆ ಉತ್ತರ ಹೇಳುವುದು?

ಅಷ್ಟರಲ್ಲಿ ನಾಡಿದ್ದು ಆಳುಗಳು ಬರುತ್ತಾರೆಂದು ತಳವಾರ ಹೇಳಿಹೋದ. ಬಾಗಿಲಲ್ಲಿ ನಿಂತು ಕೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಗಂಗಾವತಿಯಲ್ಲಿ ಸಣ್ಣವಳಿದ್ದಾಗ ಕಂಡ ಕರಡಿ. ಯಾರೋ ಅಧಿಕಾರಿಯ ಹಿತ್ತಿಲಲ್ಲಿ ಅದನ್ನು ಸರಳಿನ ಪಂಜರದಲ್ಲಿ ಇಟ್ಟಿದ್ದರು. ಮೂರು ಹೆಜ್ಜೆ, ತಿರುಗು, ಮೂರು ಹೆಜ್ಜೆ, ತಿರುಗು. ತಿರುಗುವ ಜಾಗದಲ್ಲಿ ನೆಲ ಗುಳಿ ಬಿದ್ದಿತ್ತು. ಅದರ ಹಣೆಯ ಕೂದಲು ಸರಳಿಗೆ ತಿಕ್ಕಿ ತಿಕ್ಕಿ ಉದುರಿ ಹಸಿ ಮಾಂಸ ಕಾಣುತ್ತಿತ್ತು.

ಮರುದಿನ ನಸುಕಿನಲ್ಲಿ ಹೆಂಗಸರು ಬಯಲಿಗೆ ಹೋಗುವ ಹೊತ್ತು. ನಾನು ತಂಬಿಗೆ ಹಿಡಿದು ಎದ್ದೆ. ಸೆರಗಿನಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ಅದರ ಕೊರಳಿನ ಹಗ್ಗ ಬಿಚ್ಚಿದೆ. ಅದು ನನ್ನ ಹಿಂದೆ ಬಂತು.

ಊರಿಂದ ಎರಡು ಹರದಾರಿ ನಡೆದರೆ ಹುಲ್ಲುಗಾವಲು. ಅಲ್ಲಿ ಜೋಳ ಚೆಲ್ಲಿ ನಾನು ಊರ ಕಡೆ ಹೊರಳಿದೆ. ಅದೂ ಹೊರಳಿತು. ಓಡಿದೆ, ಓಡಿಬಂತು. ಕಲ್ಲು ಹೊಡೆದೆ. ಕಲ್ಲು ಪಕ್ಕೆಗೆ ಬಿದ್ದರೂ ನಿಂತು ನೋಡಿತೇ ಹೊರತು ಹೋಗಲಿಲ್ಲ. ಹೊತ್ತು ಏರಿದಾಗ ದೂರದಲ್ಲಿ ಒಂದು ಹಿಂಡು ಕಂಡಿತು. ನಮ್ಮದು ಕಿವಿ ನಿಗುರಿಸಿ ಆ ಕಡೆ ನಡೆದಾಗ ನನಗೆ ಅಳು ಬಂತು, ಸಮಾಧಾನವೂ ಆಯಿತು. ಹಿಂಡಿನ ದೊಡ್ಡ ಗಂಡು ಎದುರು ಬಂದು ಎರಡೇ ಗುದ್ದಿಗೆ ಅದನ್ನು ಅಟ್ಟಿಬಿಟ್ಟಿತು. ಅದು ನೇರ ನನ್ನ ಕಡೆಗೆ ಓಡಿಬಂತು, ನಿಂತಿತು. ಆಮೇಲೆ ಗದ್ದ ಮೇಲೆತ್ತಿತು, ಬಾಲ ಸುತ್ತಿತು.

ಹೊಲದ ಬದುವಿಗೆ ಒಟ್ಟಿದ್ದ ಕಲ್ಲುಗುಪ್ಪೆಯನ್ನು ನಾನು ಹೇಗೆ ಹತ್ತಿದೆನೋ ತಿಳಿಯದು. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಅದು ಕೆಳಗೆ ಸುತ್ತು ಹಾಕತೊಡಗಿತು. ಇಳಿಯಲು ಕಾಲು ಚಾಚಿದರೆ ಕೋಡು ಬಗ್ಗಿಸುತ್ತಿತ್ತು. ಬಿಸಿಲಲ್ಲಿ ಬಾಯಾರಿ ಕೂತವಳಿಗೆ ಅಂಜಿಕೆಗಿಂತ ಅವಮಾನ ಹೆಚ್ಚಾಗಿತ್ತು. ನನ್ನ ಬೆರಳು ಚೀಪುತ್ತಿದ್ದ ಬಾಯಿ ಅದು.

ಕೊನೆಗೆ ಮುದುಕ ಕುರುಬನೊಬ್ಬ ಕುರಿ ಹೊಡೆದುಕೊಂಡು ಆ ದಾರಿಗೆ ಬಂದ. ಅವನ ಜೊತೆ ಮೂರು ನಾಯಿಗಳಿದ್ದವು. ನಾನು ಕೂಗಿ ಹೇಳಿದ್ದನ್ನೆಲ್ಲ ಅವನು ಕೋಲೂರಿ ಕೇಳಿಸಿಕೊಂಡ.

“ಅದರ ತಪ್ಪಲ್ಲ ತಂಗಿ,” ಅಂದ. “ಮನುಷ್ಯಾರ ನಡುವ ಬೆಳದೈತಿ. ಅದಕ್ಕ ಮನುಷ್ಯಾರೇ ಚಿಗರಿ. ಕಾದಾಡಿದ್ರ ನಮ್ಮ ಜೋಡಿನ ಕಾದಾಡ್ತೈತಿ.”

ನಾಯಿ ಬಿಡಲೇ ಎಂದು ಕೇಳಿದ. ಬಿಟ್ಟರೆ ಏನಾಗುತ್ತದೆಂದು ನಾನು ಕೇಳಿದೆ.

“ಸಿಕ್ಕರ ಸಾಯ್ತೈತಿ. ಸಿಗದಿದ್ರ ಮನುಷ್ಯಾರಂದ್ರ ಏನಂತ ಕಲೀತೈತಿ.”

ಬಿಡು ಎಂದವಳು ನಾನೇ. ಅವನು ಬೆರಳು ಬಾಯಿಗಿಟ್ಟು ಸಿಳ್ಳು ಹಾಕಿದ. ಚಿಗರಿ ಒಮ್ಮೆ ನನ್ನ ಕಡೆ ನೋಡಿತು, ಆಮೇಲೆ ನೆಗೆದು ನೆಗೆದು ಹಳ್ಳದ ಕಡೆ ಓಡಿತು. ನಾಯಿಗಳು ಅದರ ಹಿಂದೆ ಹಳ್ಳದಲ್ಲಿ ಇಳಿದವು. ತುಸು ಹೊತ್ತಿಗೆ ನಾಯಿಗಳಷ್ಟೇ ತಿರುಗಿ ಬಂದವು. ಒಂದರ ಮೂತಿಗೆ ರಕ್ತ ಹತ್ತಿತ್ತು. ಯಾರ ರಕ್ತವೆಂದು ನಾನು ನೋಡಲಿಲ್ಲ, ಅವನೂ ಹೇಳಲಿಲ್ಲ.

ಮನೆಗೆ ಬಂದು ಚಿಗರಿ ಹಗ್ಗ ಹರಿದುಕೊಂಡು ಹೋಯಿತು, ಹುಡುಕಲು ಹೋಗಿದ್ದೆ ಎಂದೆ. ಅತ್ತೆ ನನ್ನ ಮೊಣಕಾಲು ನೋಡಿದರು, ಗೂಟದಲ್ಲಿ ಹರಿಯದೆ ಉಳಿದ ಹಗ್ಗವನ್ನೂ ನೋಡಿದರು. ಅದನ್ನು ಬಿಚ್ಚಿ, ಕೊಡಲಿಯಿಂದ ನಡುವೆ ಕಡಿದು, ಮತ್ತೆ ಗೂಟಕ್ಕೆ ಕಟ್ಟಿದರು.

ಆಳುಗಳು ಬಂದಾಗ ಜೊತೆಗೆ ಗಿರ್ದಾವರನೂ ಬಂದಿದ್ದ. ತುಂಡಾದ ಹಗ್ಗವನ್ನೂ ಹಾಸಿಗೆ ಹಿಡಿದ ಮಾವನನ್ನೂ ನೋಡಿ ನಂಬಿದನೋ ಇಲ್ಲವೋ. ಬರಿಗೈಯಲ್ಲಿ ಹೋಗಲಾರೆ ಎಂದ. ಅದೇ ಹೊತ್ತಿಗೆ ಖಾಲಾನ ಕಪ್ಪು ಆಡು ಎಂದಿನಂತೆ ನಮ್ಮ ಬಾಗಿಲಿಗೆ ಬಂದು ನಿಂತಿತ್ತು. ಅದು ನಮ್ಮದಲ್ಲ ಎಂದು ಅತ್ತೆ ಎರಡು ಸಲ ಹೇಳಿದರು. ನಿಮ್ಮ ಬಾಗಿಲಲ್ಲಿದೆಯಲ್ಲ ಎಂದು ಅವನು ಹೊಡೆಸಿಕೊಂಡು ಹೋದ. ಖಾಲಾ ಹಾಲು ಹಾಕಲು ಹೋಗಿದ್ದಳು.

ಅವರು ಕಣ್ಮರೆಯಾದ ಮೇಲೆ ಅತ್ತೆ ಹೇಳಿದರು: “ನಿನ್ನ ಜಾಗದಾಗ ಇದ್ದಿದ್ರ ನಾನೂ ಬಿಡತಿದ್ನಿ. ಆದ್ರ ಖಾಲಾನ ಮುಂದ ನೀನ ನಿಂತು ಹೇಳಬೇಕು. ನಾ ಹೇಳಂಗಿಲ್ಲ.”

ನಮ್ಮಲ್ಲಿದ್ದದ್ದು ಆಮೇಲೆ ಕೊಂಡ ಒಂದೇ ಆಡು, ಗಬ್ಬದ್ದು. ಅದರ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನಾನು ಖಾಲಾನ ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ, ಕಲ್ಲು ಹೊಡೆದದ್ದು, ನಾಯಿ ಬಿಡಿಸಿದ್ದು, ಗಿರ್ದಾವರ ಹೊಡೆಸಿಕೊಂಡು ಹೋದದ್ದು. ಅವಳು ನನ್ನ ಮುಖ ನೋಡದೆ ಆಡಿನ ಕೆಚ್ಚಲು ಮುಟ್ಟಿ ನೋಡಿದಳು.

“ಇದು ಈಯಾಕ ಇನ್ನೂ ಎರಡು ತಿಂಗಳು ಐತಿ,” ಅಂದಳು. “ಅಲ್ಲಿತನ ನಾ ಏನ್ ಮಾರ್ಲಿ, ಬೇಟಿ?”

ಆ ಎರಡು ತಿಂಗಳು ನಮ್ಮ ಮನೆಯಿಂದ ದಿನಾ ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ ಅವಳ ಮನೆಗೆ ಹೋದವು. ನಾನೇ ಒಯ್ಯುತ್ತಿದ್ದೆ. ಅವಳು ಬಟ್ಟಲು ತೊಳೆದು ಹೊಸ್ತಿಲ ಮೇಲೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮಾವ ಬದುಕಿ ಉಳಿದರು, ಒಂದು ಕಾಲು ಎಳೆದುಕೊಂಡು ನಡೆದರು. ಆಡು ಈದ ದಿನ ಖಾಲಾ ಗಿಣ್ಣದ ಹಾಲನ್ನು ಬಟ್ಟಲಿಗೆ ಹಾಕಿ ನಮ್ಮ ಮನೆಗೆ ತಂದಳು. ಅತ್ತೆಯ ಕೈಗೆ ಕೊಟ್ಟಳು, ನನ್ನ ಕೈಗಲ್ಲ.