ನರ್ಸ್ ಆಗುವ ಮೊದಲು ಆರೋಪಿಯಾಗಿದ್ದೆ

ನರ್ಸಿಂಗ್ ಓದು ಮುಗಿಸಿದವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಇಲ್ಲದಿದ್ದರೆ ಮಾರ್ಕ್ಸ್ ಕಾರ್ಡ್ ಎಷ್ಟು ಚೆನ್ನಾಗಿದ್ದರೂ ವಾರ್ಡಿನೊಳಗೆ ಬಿಡುವುದಿಲ್ಲ. ನಮ್ಮ ಫಲಿತಾಂಶ ಬಂದ ವಾರವೇ ಬ್ಯಾಚಿನ ಹುಡುಗಿಯರೆಲ್ಲ ಸೇರಿ ಅರಸೀಕೆರೆ ಸ್ಟೇಷನ್ ರಸ್ತೆಯ ಸೈಬರ್ ಸೆಂಟರಿಗೆ ಅರ್ಜಿ ಹಾಕಲು ಹೋದೆವು. ಅಂಗಡಿಯವನು ಕೈ ಪಳಗಿದವನು. ಹೆಸರು, ಹುಟ್ಟಿದ ತಾರೀಖು, ಕಾಲೇಜು ಎಲ್ಲವನ್ನೂ ಟಕಟಕ ಒತ್ತಿ, ಕೊನೆಯಲ್ಲಿ ಬರುವ ಘೋಷಣೆಗಳಿಗೆ ಯಾರನ್ನೂ ಕೇಳದೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಗುರುತು ಹಾಕಿ ಮುಂದಿನವರನ್ನು ಕರೆಯುತ್ತಿದ್ದ.

ನನ್ನ ಸರದಿಯಲ್ಲೂ ಹಾಗೇ ಮಾಡಲು ಹೊರಟಾಗ ನಾನು ತಡೆದೆ. ಯಾವುದಾದರೂ ಅಪರಾಧ ಪ್ರಕರಣದಲ್ಲಿ ನಿಮಗೆ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಪರದೆಯ ಮೇಲಿತ್ತು.

“ಅಣ್ಣ, ಅದು ನಂಗೆ ಆಗಿದೆ” ಎಂದೆ.

ಅವನು ಕುರ್ಚಿಯಲ್ಲೇ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಿಂದೆ ನಿಂತು ಹರಟುತ್ತಿದ್ದ ಗೆಳತಿಯರು ಪರದೆಯತ್ತ ಬಗ್ಗಿದರು. ಅವನೇ ದನಿ ತಗ್ಗಿಸಿ, ಇಲ್ಲ ಅಂತ ಹಾಕಿಬಿಡಿ ಮೇಡಂ, ಅದನ್ನೆಲ್ಲ ಯಾರು ನೋಡುತ್ತಾರೆ ಎಂದ. ನಾನು ನಾಳೆ ಬರುತ್ತೇನೆಂದು ಎದ್ದೆ. ಗೆಳತಿಯರಲ್ಲಿ ಒಬ್ಬಳು ಹಾಸ್ಟೆಲಿನವರೆಗೂ ನನ್ನ ಜೊತೆ ನಡೆದು ಬಂದಳು. ಏನನ್ನೂ ಕೇಳಲಿಲ್ಲ. ಕೇಳದೇ ಇರಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು, ಆದ್ದರಿಂದ ಗೇಟಿನ ಹತ್ತಿರ ನಾನೇ ಹೇಳಿಬಿಟ್ಟೆ.

ನಮ್ಮದು ಬಸ್ತಿಹಳ್ಳಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅವ್ವ ಹಳೇಬೀಡಿನ ದೇವಸ್ಥಾನದ ಹೊರಗಿನ ರಸ್ತೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಸೌತೆಕಾಯಿ, ಮಾವಿನಕಾಯಿ, ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಶಾಲಾ ಪ್ರವಾಸದ ಬಸ್ಸುಗಳು ಬರುವ ಚಳಿಗಾಲದಲ್ಲಿ ಅವಳಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುವ ಕೆಲಸಕ್ಕೆ ನಿಲ್ಲುತ್ತಿದ್ದೆ.

ಆ ವರ್ಷ ರಸ್ತೆ ಅಗಲ ಮಾಡಲು ಗಾಡಿಗಳನ್ನೆಲ್ಲ ತೆಗೆಯಬೇಕೆಂದು ಹೇಳಿ ಹೋಗಿದ್ದರು. ಮೊದಲೇ ತಿಳಿಸಿದ್ದರು ಎನ್ನುವುದು ನಿಜ. ಅವ್ವ ಅದು ಮಿಕ್ಕವರಿಗೆ ಹೇಳಿದ್ದು ಎಂದುಕೊಂಡಿದ್ದಳು. ತೆಗೆಯುವ ದಿನ ಬಂದಾಗ ನಮ್ಮ ಗಾಡಿಯಲ್ಲಿ ಹಿಂದಿನ ಸಂಜೆಯಷ್ಟೇ ತಂದ ಸೌತೆಕಾಯಿ ತುಂಬಿತ್ತು. ಕೆಲಸ ನೋಡಿಕೊಳ್ಳಲು ಬಂದಿದ್ದ ಸರ್ಕಾರಿ ನೌಕರರೊಬ್ಬರು ಗಾಡಿಯ ಹಿಡಿಗೆ ಕೈ ಹಾಕಿದರು. ಅವ್ವ ಒಂದು ಗಂಟೆ ಬಿಡಿ ಸ್ವಾಮಿ ಎಂದು ಕೇಳಿಕೊಳ್ಳುತ್ತಿದ್ದಳು. ಅವರು ಆಗಲ್ಲಮ್ಮ ಎನ್ನುತ್ತಿದ್ದರು. ನನಗೆ ಅವರ ಮಾತು ಒರಟೆನಿಸಿರಲಿಲ್ಲ. ಅವ್ವ ಕೈ ಮುಗಿದದ್ದು ನೋಡಲಾಗಲಿಲ್ಲ. ಎರಡೂ ಕೈಯಿಂದ ಅವರ ಎದೆಗೆ ತಳ್ಳಿದೆ. ಅವರು ಹಿಂದಕ್ಕೆ ಮುಗ್ಗರಿಸಿ ಚರಂಡಿಯ ಕಲ್ಲಿನ ಮೇಲೆ ಕೈಯೂರಿ ಬಿದ್ದರು.

ಮುಂದಿನದು ಬೇಗ ಬೇಗ ನಡೆಯಿತು. ಪೊಲೀಸರು ಬಂದರು. ಜೀಪು ಒಂದೇ ಇದ್ದುದರಿಂದ ಬಿದ್ದವರನ್ನೂ ನನ್ನನ್ನೂ ಅದರಲ್ಲೇ ಕೂರಿಸಿಕೊಂಡು ಮೊದಲು ಆಸ್ಪತ್ರೆಗೆ ಹೋದರು. ಅವರ ಮಣಿಕಟ್ಟು ಊದಿಕೊಂಡು ಬನ್ನಿನಂತಾಗಿತ್ತು. ಅಲ್ಲಿದ್ದ ಸಿಸ್ಟರ್‌ಗೆ ಸಹಾಯಕ್ಕೆ ಯಾರೂ ಇರಲಿಲ್ಲ. ಪೊಲೀಸಿನವರು ಬಾಗಿಲ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಸಿಸ್ಟರ್ ನನ್ನನ್ನು ಪೆಟ್ಟಾದವರ ಮಗಳೆಂದೇ ತಿಳಿದು, ಬಾ ಇಲ್ಲಿ, ಮೊಣಕೈ ಹತ್ತಿರ ಹಿಡ್ಕೋ, ಅಲ್ಲಾಡಿಸಬೇಡ ಎಂದರು. ಹೋಗಿ ಹಿಡಿದುಕೊಂಡೆ. ಸಿಸ್ಟರ್ ಮರದ ಪಟ್ಟಿ ಇಟ್ಟು ಬ್ಯಾಂಡೇಜ್ ಸುತ್ತುವವರೆಗೆ ಆ ಮನುಷ್ಯ ಹಲ್ಲು ಕಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬ್ಯಾಂಡೇಜು ಸುತ್ತುವ ರೀತಿಯನ್ನು ನೋಡುತ್ತಿದ್ದೆ. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರುತ್ತಾ ಹೋಗುವುದು ಚೆಂದವಾಗಿತ್ತು.

ಕಟ್ಟಿ ಮುಗಿಸಿ ಸಿಸ್ಟರ್ ಅವರಿಗೆ ಹೇಳಿದರು: “ನಿಮ್ಮ ಮಗಳ ಕೈ ಗಟ್ಟಿಯಾಗಿದೆ, ನಡುಗಲೇ ಇಲ್ಲ ನೋಡಿ. ನರ್ಸಿಂಗ್ ಓದ್ಸಿ.”

“ಗಟ್ಟಿ ಇರೋದ್ಕೇ ಕಣ್ರೀ ನಾನ್ ಇಲ್ಲಿಗ್ ಬಂದಿರೋದು” ಎಂದರು ಅವರು.

ಕೇಸು ಬೇಲೂರಿನ ಕೋರ್ಟಿಗೆ ಹೋಯಿತು. ಮೂಳೆ ಮುರಿದಿರಲಿಲ್ಲ, ಬರೀ ಉಳುಕು ಎಂದು ಗೊತ್ತಾಗಿ ದೊಡ್ಡ ಸೆಕ್ಷನ್‌ಗಳು ಬೀಳಲಿಲ್ಲ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದಾದ್ದರಿಂದ ಬಿದ್ದವರು ಬೇಡವೆಂದರೂ ಕೇಸು ಕೈಬಿಡುವಂತಿರಲಿಲ್ಲ. ವಕೀಲರು, ಒಪ್ಪಿಕೊಂಡುಬಿಟ್ಟರೆ ದಂಡ ಹಾಕಿ ಬಿಡುತ್ತಾರೆ, ಇಲ್ಲವಾದರೆ ವರ್ಷಗಟ್ಟಲೆ ಅಲೆಯಬೇಕು ಎಂದರು. ನ್ಯಾಯಾಧೀಶರು ಕೇಳಿದಾಗ ತಳ್ಳಿದ್ದು ನಿಜ ಸ್ವಾಮಿ ಎಂದೆ. ದಂಡ ಹಾಕಿದರು, ಜೊತೆಗೆ ಅವತ್ತಿನ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕೆಂದರು. ಅದೂ ಶಿಕ್ಷೆಯೇ ಅಂತೆ. ಅವ್ವ ಪಕ್ಕದಲ್ಲಿ ಕೂತು ಮಿಕ್ಕವರ ಕೇಸುಗಳನ್ನೆಲ್ಲ ಆಸಕ್ತಿಯಿಂದ ಕೇಳಿಸಿಕೊಂಡಳು. ಸಂಜೆ ಹೊರಬಂದ ಮೇಲೆ ಇಬ್ಬರೂ ದೇವಸ್ಥಾನದ ಬೀದಿಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಬಸ್ಸಿನಲ್ಲಿ ಬರುವಾಗ, ನರ್ಸಿಂಗ್ ಓದುತ್ತೇನೆ ಎಂದೆ. ಅವ್ವ ತಮಾಷೆಯೆಂದುಕೊಂಡಳು. ತಮಾಷೆಯಲ್ಲವೆಂದು ತಿಳಿದ ಮೇಲೆ ಅರಸೀಕೆರೆಯಲ್ಲಿದ್ದ ದೊಡ್ಡಮ್ಮನಿಗೆ ಫೋನ್ ಮಾಡಿ ಕಾಲೇಜು ವಿಚಾರಿಸಿದವಳು ಅವಳೇ.

ಈಗ ಮತ್ತೆ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಮರುದಿನ ನಮ್ಮ ಟ್ಯೂಟರ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಹಳ ಶಿಸ್ತಿನವರು. ಕ್ಯಾಪಿನ ಕೆಳಗೆ ಒಂದು ಕೂದಲು ಹೊರಗೆ ಬಂದರೂ ಬಿಡುತ್ತಿರಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಕೇಳಿಸಿಕೊಂಡು, ತಪ್ಪು ಮಾತ್ರೆ ಕೊಟ್ಟೆ ಅಂತ ಗೊತ್ತಾದರೆ ಏನು ಮಾಡಬೇಕು ಅಂತ ನಿಮಗೆ ಹೇಳಿಕೊಟ್ಟಿದ್ದೇನೆ, ಹೇಳು ಎಂದಷ್ಟೇ ಕೇಳಿದರು. ತಕ್ಷಣ ಹೇಳಬೇಕು ಮೇಡಂ, ಬರೆದಿಡಬೇಕು ಎಂದೆ. ಹಾಗಾದರೆ ಹೋಗಿ ಬರಿ ಎಂದರು. ತೀರ್ಪಿನ ನಕಲು ಲಗತ್ತಿಸು, ಆಗಿದ್ದು ಆದ ಹಾಗೆ ಒಂದು ಪುಟದಲ್ಲಿ ಬರಿ, ಅಳಬೇಡ, ಕಾಗದದಲ್ಲೂ ಅಳಬೇಡ ಎಂದು ಸೇರಿಸಿದರು. ಆಮೇಲೆ ಸ್ವಲ್ಪ ಯೋಚಿಸಿ, ಬಿದ್ದವರು ಎಲ್ಲಿದ್ದಾರೆ, ಅವರದೊಂದು ಮಾತಿದ್ದರೆ ಒಳ್ಳೆಯದು ಎಂದರು.

ಆ ನೌಕರರು ಕೆಲಸದಿಂದ ನಿವೃತ್ತರಾಗಿ ಗಂಡಸಿ ಎಂಬ ಊರಿನ ಹತ್ತಿರದ ತಮ್ಮ ತೋಟದಲ್ಲಿದ್ದಾರೆಂದು ಬೇಲೂರು ಕೋರ್ಟಿಗೆ ನಕಲು ತರಲು ಹೋದಾಗ ವಕೀಲರಿಂದ ತಿಳಿಯಿತು. ಅರಸೀಕೆರೆಯಿಂದ ಬಸ್ಸು ಹಿಡಿದು ಹೋದೆ. ಇಡೀ ದಾರಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ, ಒಂದೂ ಸರಿಹೋಗುತ್ತಿರಲಿಲ್ಲ. ತಳ್ಳಿದವಳೇ ಬಂದು ನಾನು ಒಳ್ಳೆಯವಳೆಂದು ಬರೆದುಕೊಡಿ ಎನ್ನುವುದು ಹೇಗೆ?

ಅಂಗಳದಲ್ಲಿ ಕೊಬ್ಬರಿ ಒಣಹಾಕಿದ್ದರು. ಅವರು ಜಗಲಿಯಲ್ಲಿ ಕೂತು ಎಮ್ಮೆಗೆ ಹಗ್ಗ ಹೊಸೆಯುತ್ತಿದ್ದರು. ಹೆಸರು ಹೇಳುವ ಮೊದಲೇ ಗುರುತು ಹಿಡಿದು ಹೆಂಡತಿಯನ್ನು ಕರೆದರು.

“ಲೇ, ಬಾ ಇಲ್ಲಿ. ನನ್ನ ಚರಂಡಿಗೆ ಕೆಡವಿದ್ಳಲ್ಲ, ಆ ಹುಡುಗಿ ಬಂದೈತೆ.”

ಆಕೆ ಸೆರಗಿಗೆ ಕೈ ಒರೆಸುತ್ತಾ ಬಂದು ನನ್ನನ್ನು ಕುತೂಹಲದಿಂದ ನೋಡಿದರು. ಇಷ್ಟು ಸಣ್ಣಕ್ಕಿದ್ದಾಳಲ್ಲ ಎಂದು ಗಂಡನನ್ನೇ ಕೇಳಿದರು. ಕಾಫಿ ಕೊಟ್ಟರು. ನಾನು ನರ್ಸಿಂಗ್ ಮುಗಿಸಿದ್ದು ಕೇಳಿ ಅವರು ಹಗ್ಗ ಕೆಳಗಿಟ್ಟರು. ಆ ಸಿಸ್ಟರ್ ಮಾತನ್ನು ನೀನು ನಿಜಕ್ಕೂ ತಗೊಂಡುಬಿಟ್ಟೆಯಾ ಎಂದು ಎರಡು ಸಲ ಕೇಳಿ ನಕ್ಕರು. ನಾನು ಬಂದ ಕಾರಣ ಹೇಳಿದೆ. ಬರೆಯಲೇಬೇಕೆಂದೇನಿಲ್ಲ ಸಾರ್, ನೀವು ಬೇಡವೆಂದರೆ ಅದೂ ಸರಿಯೇ, ಆವತ್ತು ಒಂದು ಮಾತೂ ಆಡದೆ ಹೋದೆನಲ್ಲ, ತಪ್ಪಾಯಿತೆಂದು ಹೇಳುವುದಂತೂ ಬಾಕಿ ಇತ್ತು ಎಂದೆ.

ಅವರು ಮೊದಲು ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಚಳಿಗಾಲದ ಬೆಳಗ್ಗೆ ಹಿಡಿದುಕೊಳ್ಳುತ್ತದಂತೆ. ನಾನು ಮಣಿಕಟ್ಟನ್ನು ಅತ್ತಿತ್ತ ತಿರುಗಿಸಿ ನೋಡಿ, ಬಿಸಿನೀರಿನಲ್ಲಿ ಇಟ್ಟುಕೊಂಡು ಮಾಡುವ ಎರಡು ವ್ಯಾಯಾಮ ತೋರಿಸಿಕೊಟ್ಟೆ. ಅವರ ಹೆಂಡತಿ ಅದನ್ನು ತಾವೂ ಮಾಡಿ ನೋಡಿದರು. ಆಮೇಲೆ ಅವರು ಒಂದು ಹಾಳೆ ತರಿಸಿಕೊಂಡರು.

“ಕೈ ಬರೀತೈತೆ ಕಣವ್ವ, ನೋಡು” ಎಂದು ಅದೇ ಕೈಯಲ್ಲಿ ನಿಧಾನವಾಗಿ ಬರೆದರು. ಈ ಹುಡುಗಿ ನನ್ನನ್ನು ತಳ್ಳಿದ್ದು ಹೌದು, ಕಟ್ಟು ಹಾಕುವಾಗ ನನ್ನ ಕೈಯನ್ನು ಜೋಪಾನವಾಗಿ ಹಿಡಿದುಕೊಂಡದ್ದೂ ಹೌದು, ಈಕೆ ನರ್ಸ್ ಆಗುವುದಕ್ಕೆ ನನ್ನ ಅಭ್ಯಂತರವಿಲ್ಲ ಎಂದಿತ್ತು. ಹೊರಡುವಾಗ ಅವರ ಹೆಂಡತಿ ಚೀಲದಲ್ಲಿ ತೆಂಗಿನಕಾಯಿ ತುಂಬಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಇಷ್ಟು ವರ್ಷ ಯಾಕೆ ಬರಲಿಲ್ಲವೆಂದು ನನ್ನನ್ನೇ ಕೇಳಿಕೊಂಡೆ.

ಅರ್ಜಿ ಹೋಯಿತು. ಸೈಬರ್ ಸೆಂಟರಿನವನು ‘ಹೌದು’ ಎಂಬಲ್ಲಿ ಗುರುತು ಹಾಕುವ ಮೊದಲು ಮತ್ತೊಮ್ಮೆ ನನ್ನ ಮುಖ ನೋಡಿದ. ಕೆಲವು ವಾರಗಳಲ್ಲಿ ಗೆಳತಿಯರ ನೋಂದಣಿ ಬಂದು ಅವರು ಹಾಸನ, ತುಮಕೂರು ಎಂದು ಕೆಲಸಕ್ಕೆ ಸೇರಿದರು. ನನ್ನದು ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಿತ್ತು. ನಾನು ಊರಿಗೆ ಬಂದೆ. ಅವ್ವನಿಗೆ ಅಷ್ಟರಲ್ಲಿ ಗಾಡಿಯವರಿಗೆಂದು ಕಟ್ಟಿದ ಹೊಸ ಸಾಲಿನಲ್ಲಿ ಒಂದು ಮಳಿಗೆ ಸಿಕ್ಕಿತ್ತು, ಮೇಲೆ ಶೀಟು ಇತ್ತು, ನೀರಿನ ನಲ್ಲಿಯೂ ಹತ್ತಿರವಿತ್ತು. ತಳ್ಳುಗಾಡಿಯ ಕಾಲಕ್ಕಿಂತ ಸುಖ ಎಂದು ಅವಳೇ ಹೇಳುತ್ತಿದ್ದಳು. ಕಾಯುವ ದಿನಗಳು ಬೇಸರವೆನಿಸಲಿಲ್ಲ. ಬೆಳಗ್ಗೆ ಅವ್ವನ ಜೊತೆ ಮಳಿಗೆ, ಮಧ್ಯಾಹ್ನ ಬಸದಿಯ ಕಡೆಯ ಮರದ ನೆರಳಿನಲ್ಲಿ ಪುಸ್ತಕ. ಓದಿದ್ದು ಮರೆಯಬಾರದಲ್ಲ.

ಒಂದು ದಿನ ನನ್ನ ಅರ್ಜಿಯ ವಿಚಾರಣೆಗೆಂದು ಪೊಲೀಸ್ ಪೇದೆಯೊಬ್ಬರು ಮನೆಗೆ ಬಂದರು. ನಾನು ಒಳಗೆ ಅವರಿಗೆ ಮಜ್ಜಿಗೆ ಬೆರೆಸುತ್ತಿದ್ದೆ. ಅಷ್ಟರಲ್ಲಿ ಅವ್ವ ನಡೆದ ಕಥೆಯನ್ನು ಶುರುಮಾಡಿಬಿಟ್ಟಿದ್ದಳು, ಅದೂ ಹೆಮ್ಮೆಯಿಂದ.

“ಅಂತಾ ದೊಡ್ಡಾಳು ಸಾ. ನನ್ ಮಗಳು ಒಂದೇ ಸಲ ತಳ್ಳಿದ್ದು.”

ನಾನು ಬಾಗಿಲ ಹಿಂದಿನಿಂದ ಕೈಸನ್ನೆ ಮಾಡಿದರೂ ಅವಳು ನೋಡಲಿಲ್ಲ. ಪೇದೆ ಬರೆಯುವುದನ್ನು ನಿಲ್ಲಿಸಿ, ಅದೆಲ್ಲ ಬೇಡಮ್ಮ, ಈಗ ಹೆಂಗಿದ್ದಾಳೆ ಅಂತ ಹೇಳು ಎಂದರು.

“ಈಗಲಾ? ಈಗ ಇಂಜೆಕ್ಷನ್ ಚುಚ್ಚೋದ್ ಬಿಟ್ರೆ ಯಾರ್ಗೂ ನೋವ್ ಮಾಡಕಿಲ್ಲ ಸಾ.”

ಅವರು ಅದನ್ನು ಬರೆದುಕೊಂಡರೋ ಇಲ್ಲವೋ ಕಾಣೆ. ಮಜ್ಜಿಗೆ ಕುಡಿದು, ಪಕ್ಕದ ಎರಡು ಮನೆಯಲ್ಲಿ ವಿಚಾರಿಸಿ ಹೋದರು.

ಆಮೇಲೆ ಬೆಂಗಳೂರಿಗೆ ಬರಬೇಕೆಂದು ಪರಿಷತ್ತಿನಿಂದ ಕರೆ ಬಂತು. ಅವ್ವ ಬರುತ್ತೇನೆಂದಳು. ಪೇದೆಯ ನೆನಪಾಗಿ ಬೇಡವೆಂದೆ. ಅರಸೀಕೆರೆಯಿಂದ ಬೆಳಗಿನ ರೈಲಿಗೆ ಒಬ್ಬಳೇ ಹೋದೆ. ಒಂದು ಮೇಜಿನ ಹಿಂದೆ ಕೂತಿದ್ದವರಲ್ಲಿ ವಯಸ್ಸಾದ ಮೇಡಂ ಒಬ್ಬರೇ ಹೆಚ್ಚು ಮಾತಾಡಿದರು. ಅವರೂ ನರ್ಸ್ ಆಗಿದ್ದವರೆಂದು ಅವರು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಗಂಡಸಿಯವರ ಕಾಗದವನ್ನು ಓದಿ ಪಕ್ಕದವರಿಗೆ ಕೊಟ್ಟರು.

“ನಿಮಗೆ ಕೋಪ ಬೇಗ ಬರುತ್ತಾ?”

“ಬರುತ್ತೆ ಮೇಡಂ. ಕೈವರೆಗೆ ಬರೋಕೆ ಬಿಡಲ್ಲ.”

“ರೋಗಿ ನಿಮ್ಮನ್ನ ತಳ್ಳಿದ್ರೆ?”

“ಓದುವಾಗ ವಾರ್ಡ್ ಪೋಸ್ಟಿಂಗ್‌ನಲ್ಲಿ ಒಬ್ಬರು ತಳ್ಳಿದ್ರು. ಡ್ರಿಪ್ ಸ್ಟ್ಯಾಂಡ್ ಹಿಡ್ಕೊಂಡೆ, ಅದು ಬೀಳದ ಹಾಗೆ.”

“ದೂರು ಕೊಟ್ರಾ?”

“ಇಲ್ಲ ಮೇಡಂ. ಅವರಿಗೆ ಜ್ವರ ತುಂಬಾ ಇತ್ತು. ಬಿಟ್ಟ ಮೇಲೆ ಅವರೇ ಕ್ಷಮೆ ಕೇಳಿದ್ರು.”

ಮೇಡಂ ಮುಖದಲ್ಲಿ ನಗುವೇನೂ ಕಾಣಲಿಲ್ಲ. ತಲೆಯಾಡಿಸಿ, ಮುಚ್ಚಿಡಬಹುದಾಗಿತ್ತು, ಮುಚ್ಚಿಟ್ಟು ಆಮೇಲೆ ಗೊತ್ತಾಗಿದ್ದರೆ ನಾವು ಕೊಡುತ್ತಿರಲಿಲ್ಲ, ತಿಳಿದಿರಲಿ ಎಂದರು. ಹೋಗಿ ಬನ್ನಿ ಎಂದರು. ಕೊಡುತ್ತೇವೆ ಎನ್ನಲಿಲ್ಲ. ವಾಪಸು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವರ ಪ್ರಶ್ನೆಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ತಿಪಟೂರು ದಾಟುವ ಹೊತ್ತಿಗೆ ಹಸಿವಾಯಿತು. ಆಗ ಎಲ್ಲ ಸರಿಯಿದೆ ಎನಿಸಿತು. ಕೊಟ್ಟರೂ ಕೊಡದಿದ್ದರೂ ನನ್ನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿರಲಿಲ್ಲ.

ಅದೇ ತಿಂಗಳು ನೋಂದಣಿ ಬಂತು. ಮಳಿಗೆಯಲ್ಲಿ ಫೋನ್ ನೋಡಿ ಅವ್ವನಿಗೆ ಹೇಳಿದಾಗ ಅವಳು ಗಿರಾಕಿಗೆ ಸೌತೆಕಾಯಿ ಕೊಡುತ್ತಿದ್ದಳು. ಕೊಟ್ಟು ಮುಗಿಸಿ, ಕೈ ತೊಳೆದುಕೊಂಡು, ಎಲ್ಲಿ ತೋರಿಸು ಎಂದಳು. ಅವಳಿಗೆ ಓದಲು ಬರುವುದಿಲ್ಲ. ನನ್ನ ಫೋಟೊ ನೋಡಿ, ಸ್ವಲ್ಪ ನಕ್ಕಿದ್ದರೆ ಆಗಿತ್ತು ಎಂದಳು. ಆಮೇಲೆ ಅಕ್ಕಪಕ್ಕದ ಮಳಿಗೆಯವರಿಗೆಲ್ಲ ತೋರಿಸಿ ಬಂದಳು. ಗಂಡಸಿಯವರಿಗೆ ನಾನೇ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿ, ವ್ಯಾಯಾಮ ತಪ್ಪದೆ ಮಾಡಿಸುತ್ತಿದ್ದೇನೆ ಎಂದು ಮೊದಲು ಅದನ್ನೇ ಹೇಳಿದರು.

ಈಗ ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿದ್ದೇನೆ. ಕೆಲಸಕ್ಕೆ ಸೇರುವಾಗ ಅಲ್ಲಿಯ ಡಾಕ್ಟರಿಗೂ ವಿಷಯ ಹೇಳಿದೆ. ಪರಿಷತ್ತು ಒಪ್ಪಿದ ಮೇಲೆ ನನ್ನದೇನಿದೆ ಎಂದು ಡ್ಯೂಟಿ ಹಾಕಿದರು. ಹೆರಿಗೆ ವಾರ್ಡು ನನಗೆ ಇಷ್ಟ. ಹಗಲು ಡ್ಯೂಟಿ ಮುಗಿಸಿ ಮಾರ್ಕೆಟ್ಟಿನ ಮೂಲಕ ನಡೆದು ರೂಮಿಗೆ ಹೋಗುವಾಗ, ಹುಟ್ಟಿದ ಕೂಡಲೇ ನಾನು ಎತ್ತಿಕೊಂಡಿದ್ದ ಮಗುವನ್ನು ಯಾರಾದರೂ ತೋರಿಸಿ ಮಾತಾಡಿಸುತ್ತಾರೆ.

ಟ್ಯೂಟರ್ ಮೇಡಂ ಈಚೆಗೆ ಒಬ್ಬ ವಿದ್ಯಾರ್ಥಿನಿಯನ್ನು ನನ್ನ ಹತ್ತಿರ ಕಳಿಸಿದ್ದರು. ಜಮೀನಿನ ಜಗಳದಲ್ಲಿ ಅವಳ ಮನೆಯವರ ಜೊತೆ ಅವಳ ಹೆಸರೂ ಸೇರಿ ದಂಡವಾಗಿದೆಯಂತೆ. ಕಣ್ಣು ಊದುವಷ್ಟು ಅತ್ತಿದ್ದಳು. ಅವಳಿಗೆ ಊಟ ಹಾಕಿ, ತೀರ್ಪಿನ ನಕಲಿಗೆ ಎಲ್ಲೆಲ್ಲಿಗೆ ಹೋಗಬೇಕು, ಏನು ಕೇಳಬೇಕು ಎಂದು ಹೇಳಿದೆ. ಒಬ್ಬಳೇ ಕೋರ್ಟಿಗೆ ಹೋಗಲು ಭಯ ಅಕ್ಕ ಎಂದಳು. ಬರುವ ಸೋಮವಾರ ನನಗೆ ವಾರದ ರಜೆ. ಜೊತೆಗೆ ಬರುತ್ತೇನೆಂದು ಹೇಳಿದ್ದೇನೆ.