ಹಿಂದಕ್ಕೆ ಬಂದ ವೀಳ್ಯದೆಲೆ

ಮೊನ್ನೆ ಹುಣಸೂರಿನ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯೊಂದಕ್ಕೆ, ಮೊಮ್ಮಗಳನ್ನು ಕರೆದುಕೊಂಡು, ಅವಳಿಗೆ ಈಜುವಾಗ ಹಾಕಿಕೊಳ್ಳುವ ಕನ್ನಡಕ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಹರಿದು ಅದನ್ನು ನನ್ನ ಕೈಗಿಟ್ಟ. ಹೊಸ ರಬ್ಬರಿನ ವಾಸನೆ. ಒಂದು ಕ್ಷಣ ಹಿಡಿದಿದ್ದು, ಹಾಗೆಯೇ ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ಮಗು ದಾರಿಯುದ್ದಕ್ಕೂ ಅತ್ತಿತು.

ಆ ದಿನ ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಬೇಕು. ಅಂಡಮಾನಿನ ಒಂದು ಸಣ್ಣ ದ್ವೀಪ. ಹಿಂದೆ ಕಾಡು, ಮುಂದೆ ಸಮುದ್ರ, ನಡುವೆ ಬಿಳಿ ಮರಳಿನ ಪಟ್ಟಿ. ನನ್ನ ಎಡಕ್ಕೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ನೀರಿನ ಮೇಲೆ ಬಾಗಿದ ಒಂದು ದೊಡ್ಡ ಮರ. ಬಲಕ್ಕೆ ಕಪ್ಪು ಬಂಡೆಗಳು, ಅವುಗಳಾಚೆ ತೆರೆದ ಕಡಲು. ಇವೆರಡರ ನಡುವೆ ಪಾದ ಮುಳುಗುವಷ್ಟು ನೀರಿನಲ್ಲಿ ನಾನು ನಿಂತಿದ್ದೆ. ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿ. ಮಧ್ಯಾಹ್ನದ ಊಟ ಮುಗಿದಿತ್ತು.

ನಾವು ಮಾವ ಎಂದು ಕರೆಯುತ್ತಿದ್ದವರು ನಮಗೆ ನೆಂಟರಲ್ಲ. ಕೆ.ಆರ್. ನಗರ ತಾಲ್ಲೂಕಿನ ಹೊಳೆದಂಡೆಯ ನಮ್ಮೂರಿನಲ್ಲಿ ಪಕ್ಕದ ಮನೆಯವರು. ಊರಿನ ಹುಡುಗರ ಬೆನ್ನಿಗೆಲ್ಲ ಒಣಗಿದ ಕತ್ತಾಳೆ ಬೆಂಡು ಕಟ್ಟಿ, ಕಾವೇರಿಗೆ ನೂಕಿ ಈಜು ಕಲಿಸಿದವರು. ಬೆಂಡು ಬಿಚ್ಚಿದ ಮೇಲೆ ತಳ ಮುಟ್ಟಿ ಒಂದು ಹಿಡಿ ಮಣ್ಣು ತಂದು ತೋರಿಸಬೇಕಿತ್ತು. ಆ ಮಣ್ಣನ್ನೇ ಹಣೆಗೆ ಬಳಿದು, "ಓಗ್ಲಾ, ಇನ್ ಒಳೆ ನಿನ್ನ ತಿನ್ನಾಕಿಲ್ಲ" ಎನ್ನುತ್ತಿದ್ದರು.

ಹೊಳೆಯಲ್ಲಿ ಏನು ಮುಳುಗಿದರೂ ಜನ ಅವರ ಬಾಗಿಲಿಗೇ ಓಡಿ ಬರುತ್ತಿದ್ದರು. ಪಂಪ್‌ಸೆಟ್ಟಿನ ಪೈಪು, ತಾಮ್ರದ ಬಿಂದಿಗೆ, ಕೆಲವೊಮ್ಮೆ ಮನುಷ್ಯರು. ಮಾವ ಅವಸರ ಮಾಡುತ್ತಿರಲಿಲ್ಲ. ಮೊದಲು ಎಲೆಯಡಿಕೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು ನೀರಿಗೆ ಬಿಡುತ್ತಿದ್ದರು. ಅದು ಹೋಗುವ ದಾರಿ ನೋಡಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಎಂದು ಗೊತ್ತು ಮಾಡುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ ಅತ್ತೆ, ಒಣ ಟವೆಲ್ ಹಿಡಿದು ಅವರು ತೋರಿಸಿದ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ದಣಿದಾಗ ಮಾವ ನೀರಿಗೆ ಮೈ ಕೊಟ್ಟು ಅಂಗಾತ ಮಲಗಿಬಿಡುತ್ತಿದ್ದರು. ಹೊಳೆಯೇ ಅವರನ್ನು ಅಲ್ಲಿಗೆ ತಂದು ಮುಟ್ಟಿಸುತ್ತಿತ್ತು. ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಆದರೆ ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಎಲ್ಲವನ್ನೂ ಅವರು ಕೈಯಿಂದ ತಡಕಿಯೇ ತಂದಿದ್ದು. "ಸಾಯಾದ್ರೊಳಗೆ ಒಂದ್ಸಲ ನೀರಿನ ತಳವ ಕಣ್ಣಲ್ಲಿ ನೋಡ್ಬೇಕು ಕಣೋ" ಎಂದು ಆಗಾಗ ಹೇಳುತ್ತಿದ್ದರು.

ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದು, ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರು ಕೆಲವರು ಅಂಡಮಾನಿಗೆ ಹೊರಟರು. ಭೇರ್ಯದ ನನ್ನ ಗೆಳೆಯ ಚಿಕ್ಕಣ್ಣ ಅವರ ಜೊತೆ ಸೇರಿಕೊಂಡ. ಅವನ ಬಲವಂತಕ್ಕೆ ನಾನು. ಅಲ್ಲಿ ಸಮುದ್ರದ ತಳ ಕಾಣುತ್ತದಂತೆ ಎಂದು ಕೇಳಿ ಮಾವ. ಅವರೊಬ್ಬರನ್ನೇ ಕಳಿಸಲು ಒಪ್ಪದೆ ಅತ್ತೆ.

ಆ ದ್ವೀಪ ನನಗೆ ಮೊದಲ ನೋಟದಲ್ಲೇ ಹಿಡಿಸಲಿಲ್ಲ. ಹೆಗ್ಗಡದೇವನಕೋಟೆಯ ಕಾಡು ನಾನು ಕಂಡಿದ್ದೇನೆ. ಅಲ್ಲಿ ಕಾಡು ನೀರಿಗೆ ದಾರಿ ಬಿಟ್ಟು ನಿಲ್ಲುತ್ತದೆ. ಇಲ್ಲಿ ಮರಗಳು ಉಪ್ಪುನೀರಿನೊಳಗೇ ಇಳಿದು ನಿಂತಿದ್ದವು. ಸತ್ತು ಬಿದ್ದ ಮರಗಳು ಮರಳಿನ ಮೇಲೆ ಮೂಳೆಯಂತೆ ಬೆಳ್ಳಗಾಗಿದ್ದವು. ಅಷ್ಟು ದೊಡ್ಡ ಕಾಡು, ಒಂದು ಹಕ್ಕಿಯ ದನಿ ಇಲ್ಲ.

ಬೆಳಿಗ್ಗೆ ಬೋಟಿನವನು ನಮಗೆಲ್ಲ ನೀರೊಳಗೆ ನೋಡಲು ಗಾಜು ಕೂರಿಸಿದ ರಬ್ಬರಿನ ಮುಖವಾಡ, ಗಾಳಿ ತುಂಬಿದ ರಿಂಗು ಕೊಟ್ಟು ಒಬ್ಬೊಬ್ಬರನ್ನೇ ಕೈ ಹಿಡಿದು ನೀರಿನ ಮೇಲೆ ತೇಲಿಸಿಕೊಂಡು ಹೋದ. ಮಾವನ ಸರದಿ ಬಂದಾಗ ಚಿಕ್ಕಣ್ಣ, "ಮಾವ, ಒಂದ್ ನಿಂಬೆಹಣ್ಣು ಮಡಿಕಂಡೋಗು. ಈ ಉಪ್ಪಲ್ಲಿ ಉಪ್ಪಿನಕಾಯಾಗಿ ಬತ್ತೀಯ" ಎಂದ. ಮಾವ ನಕ್ಕರು. ತಿರುಗಿ ಬಂದಾಗ ನಗುತ್ತಿರಲಿಲ್ಲ. ಮುಖವಾಡ ಹಣೆಗೇರಿಸಿ ಮರಳಿನ ಮೇಲೆ ಕುಳಿತರು.

"ಕಲ್ಲೆಲ್ಲ ಊವು ಬುಟ್ಟವೆ ಕಣೋ" ಎಂದರು. ಆಮೇಲೆ ನಿಧಾನವಾಗಿ, "ನಮ್ಮೊಳೇಲಿ ಕಣ್ಣು ಕಾಣ್ದೆ ಇದ್ದದ್ದೇ ಒಳ್ಳೇದಾಯ್ತು. ಕಂಡಿದ್ರೆ ಒಂದು ಎಣಾನೂ ತರ್ತಿರ್ನಿಲ್ಲ ನಾನು" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೋಟಿನವನು ಕರುವನ್ನು ಹಗ್ಗ ಹಿಡಿದು ಎಳೆದಂತೆ ತಮ್ಮನ್ನು ಮೇಲೆ ಮೇಲೆಯೇ ಎಳೆದಾಡಿದ್ದು ಮಾವನಿಗೆ ಸಾಲಲಿಲ್ಲ. ತಳ ಕಂಡಿದ್ದರು, ಮುಟ್ಟಿರಲಿಲ್ಲ. ಒಂದು ಹಿಡಿ ಮರಳು ತಾರದೆ ಆ ನೀರಿನಿಂದ ಎದ್ದುಹೋಗುವುದು ಅವರಿಗೆ ಸಾಧ್ಯವಿರಲಿಲ್ಲ. ಊಟವಾದ ಮೇಲೆ ಉಳಿದವರೆಲ್ಲ ದ್ವೀಪದ ಆಚೆ ಬದಿಯ ಅಂಗಡಿಗಳ ಕಡೆ ಹೋದರು. ಮಾವ ಸೊಂಟಕ್ಕೆ ಕೆಂಪು ಟವೆಲ್ ಬಿಗಿದು, ಮುಖವಾಡ ಕೈಗೆತ್ತಿಕೊಂಡರು.

ಬೋಟಿನವನು ತಮಿಳಿನಲ್ಲಿ ಬೇಡವೆಂದ. ಚಿಕ್ಕಣ್ಣನಿಗೆ ಅಷ್ಟಿಷ್ಟು ತಮಿಳು ಬರುತ್ತಿತ್ತು. "ಇನ್ನೇನು ನೀರು ವಾಪಸ್ ಓಯ್ತದಂತೆ ಮಾವ, ಇಳೀಬ್ಯಾಡಿ ಅಂತಾನೆ."

"ನೀರು ವಾಪಸ್ ಎಲ್ಲಿಗ್ಲಾ ಓಗಾದು? ತಡಿ, ಎಲೆ ಕೇಳ್ತೀನಿ."

"ಬೆಳಗ್ಗೆ ನೋಡಿದ್ದಾಯ್ತಲ್ಲ, ಸಾಕು ಬುಡ್ರೀ. ಇದು ಒಳೆ ಅಲ್ಲ ಕಣ್ರೀ" ಎಂದರು ಅತ್ತೆ.

"ನೀರು ನೀರೇ ಕಣಮ್ಮಿ."

ಎಲೆ ಬಿಟ್ಟರು. ನಾನು ನೋಡುತ್ತಿದ್ದೆ. ಅದು ನಿಧಾನವಾಗಿ ಎಡಕ್ಕೆ, ಬಾಗಿದ ಮರದ ಕಡೆ ಹೊರಟಿತು. ಮಾವ ಅತ್ತೆಗೆ ಆ ಮರ ತೋರಿಸಿ, "ಅಲ್ ನಿಂತ್ಕೊ, ಅಲ್ಲೇ ಬತ್ತೀನಿ" ಎಂದು ಇಳಿದರು. ಅತ್ತೆ ಒಣ ಟವೆಲ್ ಹಿಡಿದು ಮರದ ಕಡೆ ನಡೆದರು, ಊರಿನಲ್ಲಿ ನಡೆಯುತ್ತಿದ್ದಂತೆಯೇ.

ಮಾವ ಮುಳುಗಿದರು, ಎದ್ದರು, ಇನ್ನಷ್ಟು ದೂರ ಹೋಗಿ ಮತ್ತೆ ಮುಳುಗಿದರು. ನಾನು ಎಲೆಯ ಕಡೆ ತಿರುಗಿದೆ. ಅದು ಅರ್ಧ ದಾರಿಯಲ್ಲಿ ನಿಂತಿತ್ತು. ಅಲೆಗೆ ಏಳುತ್ತಿತ್ತು, ಇಳಿಯುತ್ತಿತ್ತು, ಎತ್ತಲೂ ಹೋಗುತ್ತಿರಲಿಲ್ಲ. ಬಳಿಕ ಹಿಂದಕ್ಕೆ ಬರತೊಡಗಿತು.

"ಎಲೇಗೂ ದಾರಿ ತಪ್ತು ನೋಡ್ಲಾ" ಎಂದು ಚಿಕ್ಕಣ್ಣ ನಕ್ಕ.

ಎಲೆ ನಮ್ಮೆದುರಿಗೆ ಬಂತು. ನಮ್ಮನ್ನು ದಾಟಿ ಬಲಕ್ಕೆ, ಬಂಡೆಗಳ ಕಡೆ, ಹೋದಹೋದಂತೆ ಬಿರುಸಾಗಿ ಹೋಯಿತು. ಬೋಟಿನವನು ಅದನ್ನು ನೋಡಿದ. ಅವನ ಮುಖ ನೋಡಿ ಚಿಕ್ಕಣ್ಣನ ನಗು ನಿಂತಿತು.

ಅದೇ ಹೊತ್ತಿಗೆ ದೂರದಲ್ಲಿ ಮಾವ ಮೇಲೆದ್ದು ಮುಷ್ಟಿ ಎತ್ತಿ ತೋರಿಸಿದರು. ಬಿಳಿ ಮರಳು ಬೆರಳ ಸಂದಿಯಿಂದ ಇಳಿಯುವುದು ನನಗೆ ಕಂಡಿತು, ಅಥವಾ ಕಂಡಿತೆಂದು ಈಗ ಅನ್ನಿಸುತ್ತದೆಯೋ... ಆಮೇಲೆ ಅವರು ನೀರಿಗೆ ಮೈ ಕೊಟ್ಟು, ಮುಖ ಆಕಾಶಕ್ಕೆ ಮಾಡಿ, ಅಂಗಾತ ಮಲಗಿದರು. ನೀರು ತಮ್ಮನ್ನು ಮರದ ಬಳಿಗೆ ಒಯ್ಯುತ್ತಿದೆ ಎಂದೇ ಅವರಿಗೆ. ಅದು ಅವರನ್ನು ಎಲೆಯ ಹಿಂದೆಯೇ ಒಯ್ಯುತ್ತಿತ್ತು.

ಕೂಗಿದೆವು. ಅವರು ಮಲಗಿದಲ್ಲಿಂದಲೇ ಮುಷ್ಟಿಯನ್ನು ಇನ್ನೊಮ್ಮೆ ಎತ್ತಿದರು. ನಮ್ಮದು ಸಂತೋಷದ ಕೂಗು ಎಂದುಕೊಂಡಿರಬೇಕು.

ಬೋಟು ಇದ್ದಲ್ಲೇ ಮರಳಿಗೆ ಕುಳಿತುಬಿಟ್ಟಿತ್ತು. ಕಡಲ ಇಳಿತಕ್ಕೆ ಅದರ ಅಡಿಯ ನೀರೂ ಸರಿದುಹೋಗಿತ್ತು. ಮೂವರೂ ಹೆಗಲು ಕೊಟ್ಟು ನೂಕಿದೆವು. ನೂಕುತ್ತಲೇ ನಾನು ತಲೆಯೆತ್ತಿ ನೋಡಿದೆ. ಅವರಿಗೆ ಆಗ ತಿಳಿದಿತ್ತು. ದಡದ ಕಡೆ ತಿರುಗಿ ಈಜುತ್ತಿದ್ದರು, ನೇರವಾಗಿ ನೀರಿಗೆ ಎದುರಾಗಿ, ಒಂದೇ ಕೈಯಲ್ಲಿ. ಇನ್ನೊಂದು ಕೈಯ ಮುಷ್ಟಿಯನ್ನು ಆಗಲೂ ಬಿಚ್ಚಿರಲಿಲ್ಲ. ಬೋಟು ನೀರಿಗೆ ಇಳಿಯುವ ಹೊತ್ತಿಗೆ ಬಂಡೆಗಳಾಚೆ ಅಲೆಗಳು ಮಾತ್ರ ಇದ್ದವು.

ಕತ್ತಲಾಗುವವರೆಗೆ ಹುಡುಕಿದೆವು. ಇನ್ನಷ್ಟು ಬೋಟುಗಳು ಬಂದವು. ಅತ್ತೆ ಮರದ ಕೆಳಗಿನಿಂದ ಅಲುಗಲಿಲ್ಲ. "ಅಲ್ಲೇ ಬತ್ತೀನಿ ಅಂದವ್ರೆ" ಎಂದಷ್ಟೇ ಅಂದರು. ರಾತ್ರಿ ನೀರು ಮತ್ತೆ ಏರಿ ಬಂದಿತ್ತು. ಬೆಳಿಗ್ಗೆ ನೋಡಿದರೆ ಆ ಮರದ ಬೇರಿಗೆ ಸಿಕ್ಕಿಕೊಂಡು ಕೆಂಪು ಟವೆಲ್ ಬಂದಿತ್ತು. ಮಾವ ತೋರಿಸಿದ್ದ ಜಾಗವೇ. ಅತ್ತೆ ಅದನ್ನು ಹಿಂಡಿ, ಒಣ ಟವೆಲಿನ ಜೊತೆ ಮಡಿಸಿ ಮಡಿಲಲ್ಲಿಟ್ಟುಕೊಂಡರು. ಬೇರೇನೂ ಬರಲಿಲ್ಲ.

ಮುಂದಿನ ಮಳೆಗಾಲ ನಮ್ಮೂರ ಹೊಳೆಯಲ್ಲಿ ಯಾರೋ ಮುಳುಗಿದರು. ಜನ ಅಭ್ಯಾಸದಂತೆ ಮಾವನ ಬಾಗಿಲಿಗೇ ಓಡಿ ಬಂದರು. ಅತ್ತೆ ಬಾಗಿಲು ತೆರೆದು ನಿಂತರು. ಬಂದವರಿಗೇ ನೆನಪಾಗಿ, ತಲೆ ತಗ್ಗಿಸಿ ಹಿಂದಿರುಗಿದರು.

ಮೊಮ್ಮಗಳು ಇವತ್ತು ಮತ್ತೆ ಕೇಳಿದಳು. ನಾಳೆ ಕೊಡಿಸುತ್ತೇನೆ ಎಂದಿದ್ದೇನೆ. ಈಜು ಕಲಿಯಬೇಡ ಎಂದು ಮಾವ ಯಾರಿಗೂ ಹೇಳಿದವರಲ್ಲ.

ಅತ್ತೆ ಈಗಿಲ್ಲ, ಆ ಎರಡು ಟವೆಲುಗಳೂ ಅವರೊಂದಿಗೇ ಹೋದವು. ಬೋಟಿನವನು ಇದ್ದಾನೋ ಇಲ್ಲವೋ ತಿಳಿಯದು. ಚಿಕ್ಕಣ್ಣ ಭೇರ್ಯದಲ್ಲಿದ್ದಾನೆ. ಎಲೆಯಡಿಕೆ ಬಿಟ್ಟಿದ್ದಾನೆ, ಯಾಕೆಂದು ನಾನು ಕೇಳಿಲ್ಲ. ಆ ಎಲೆ ಹಿಂದಕ್ಕೆ ಬಂದದ್ದನ್ನು ಕಂಡವರಲ್ಲಿ ಇನ್ನೂ ಬದುಕಿದ್ದೇವೆಂದು ಹೇಳಬಹುದಾದವರು ನಾವಿಬ್ಬರೇ, ಅವನು ಮತ್ತು ನಾನು.