ಒಂದು ಹಳೆಯ ಟಿಕ್

ವೈರಸ್ ಬಂದಿರಬಹುದು. ಡಿಸ್ಕ್ ಸುಟ್ಟುಹೋಗಿರಬಹುದು. ಇಲಿ ವೈರು ಕಡಿದಿರಬಹುದು. ನಾನೇ ಏನಾದರೂ ಅಳಿಸಿರಬಹುದು. ಈ ಭಯವಂತೂ ನನಗೆ ಕಾಯಂ. ಮಾಲೂರಿನ ನಮ್ಮ ನರ್ಸರಿಯಲ್ಲಿ ಆಫೀಸ್ ಸಾಫ್ಟ್‌ವೇರ್ ಹೊಸದು ಹಾಕಿಸಿದ ಮರುದಿನ ಬುಕಿಂಗ್ ಡೇಟಾಬೇಸ್ ತೆರೆಯಲೇ ಇಲ್ಲ. ಯಾವ ಟ್ರೇ ಟೊಮೆಟೊ ಸಸಿ ತಾಯಲೂರಿಗೆ, ಯಾವುದು ಆವನಿ ಗ್ರಾಮಕ್ಕೆ ಎಂಬುದೆಲ್ಲ ಅದರಲ್ಲೇ ಇತ್ತು. ಅಂದೇ ಕಳಿಸದಿದ್ದರೆ ಸಸಿ ಬಲಿತು ಹಾಳಾಗುತ್ತಿತ್ತು.

ಮುಳಬಾಗಿಲಿನಿಂದ ಬರುತ್ತಿದ್ದ ಕಂಪ್ಯೂಟರ್ ರಿಪೇರಿಯವರು ಯಾವಾಗ ಕರೆದರೂ ಮೊದಲು ವಾಚು ಬಿಚ್ಚಿಟ್ಟು, ಕೈಕಟ್ಟಿ ಕೂರುತ್ತಿದ್ದರು.

"ಭಯ ಎಲ್ಲಾ ಹೇಳ್ಬಿಡಿ ಸಾರ್, ಆಮೇಲೆ ಕೈ ಹಾಕ್ತೀನಿ. ಮಧ್ಯದಲ್ಲಿ ಹೇಳಿದ್ರೆ ನಂಗೂ ಭಯ ಆಗ್ತದೆ."

ಅವತ್ತೂ ಹೇಳಿದೆ. ಇಲಿಯವರೆಗೂ ಹೇಳಿದೆ.

"ಮುಗೀತಾ?"

"ಸಿಡಿಲೇನಾದ್ರೂ..."

"ಮಳೆ ಎಲ್ಲಿ ಬಂತು ಸಾರ್?" ಎಂದು ಕೀಬೋರ್ಡ್ ಎಳೆದುಕೊಂಡರು. ಡೇಟಾಬೇಸ್ ಬಳಸುವ ಲೈಬ್ರರಿಗಳ, ಅಂದರೆ ಅದು ಓಡಲು ಬೇಕಾದ ಸಹಾಯಕ ಫೈಲುಗಳ ಪಟ್ಟಿ ತೆರೆದರು. ಹಳೆಯ ಸಾಫ್ಟ್‌ವೇರ್ ಜೊತೆಗೇ ಹೊರಟುಹೋಗಿದ್ದ ಒಂದು ಲೈಬ್ರರಿಯ ಮುಂದೆ ಟಿಕ್ ಹಾಗೇ ಉಳಿದಿತ್ತು. ಡೇಟಾಬೇಸ್ ಇನ್ನೂ ಅದನ್ನೇ ಹುಡುಕುತ್ತಿತ್ತು. ಅದನ್ನು ತೆಗೆದು ಹೊಸದಕ್ಕೆ ಟಿಕ್ ಹಾಕಿದರು. ತಾಯಲೂರಿನ ರೈತರ ಹೆಸರುಗಳು ಪರದೆಯ ಮೇಲೆ ಮೂಡಿದವು. ಹೊರಗೆ ನಮ್ಮ ಆಳುಗಳು ಟ್ರೇಗಳನ್ನು ಗಾಡಿಗೆ ಹತ್ತಿಸತೊಡಗಿದರು.

ವಾಚು ಕಟ್ಟಿಕೊಳ್ಳುತ್ತಾ ಅವರೆಂದರು: "ಇಷ್ಟೆಲ್ಲಾ ಹೇಳಿದ್ರಿ, ಈ ಒಂದು ಟಿಕ್ ಮಾತ್ರ ಬಿಟ್ಟುಬಿಟ್ರಲ್ಲ ಸಾರ್."